ಏಳು ವರ್ಷದ ಎರ್ಗೋಡಾಕ್ಸ್ ಈಝೀ: ಶಿಫ್ಟ್ ಕೀ ಹೆಬ್ಬೆರಳಿಗೆ ಬಂದ ಮೇಲೆ

ಕನ್ನಡ ಟೈಪ್ ಮಾಡುವವರಿಗೆ ಶಿಫ್ಟ್ ಕೀಯ ಕಾಟ ಗೊತ್ತೇ ಇರುತ್ತದೆ. ನುಡಿ ಕೀಲಿಮಣೆಯಲ್ಲಿ ದೀರ್ಘಕ್ಕೆ ಶಿಫ್ಟ್, ಮಹಾಪ್ರಾಣಕ್ಕೆ ಶಿಫ್ಟ್, ಳ, ಣ, ಶ, ಸೊನ್ನೆ ಎಲ್ಲದಕ್ಕೂ ಶಿಫ್ಟ್. ‘ಶಾಖೆ’ ಅಂತ ಬರೆಯಲು ನಾಲ್ಕು ಕೀ ಸಾಕು, ಆದರೆ ಅದರಲ್ಲಿ ಮೂರಕ್ಕೆ ಶಿಫ್ಟ್ ಬೇಕು! ಆ ಭಾರವೆಲ್ಲ ಬೀಳುವುದು ಕಿರುಬೆರಳಿನ ಮೇಲೆ.

ನಾನು ದಿನವಿಡೀ ಡಿಟಿಪಿ ಮಾಡುವವಳು. 2018ರ ಹೊತ್ತಿಗೆ ಎಡಗೈ ಕಿರುಬೆರಳಿಂದ ಮೊಣಕೈವರೆಗೂ ಸೆಳೆತ. ರಾತ್ರಿ ಚಪಾತಿ ಹಿಟ್ಟು ನಾದಲೂ ಆಗುತ್ತಿರಲಿಲ್ಲ. ಆಗ ತರಿಸಿಕೊಂಡಿದ್ದು ಜೆಡ್‌ಎಸ್‌ಎ ಕಂಪನಿಯ ಎರ್ಗೋಡಾಕ್ಸ್ ಈಝೀ.

ಇದು ಎರಡು ಹೋಳಾಗಿರುವ ಕೀಬೋರ್ಡ್. ನಡುವೆ ಒಂದು ತಂತಿ ಅಷ್ಟೇ. ಒಂದೊಂದನ್ನೂ ಭುಜದ ಅಗಲಕ್ಕೆ ಸರಿಸಿ ಇಟ್ಟುಕೊಳ್ಳಬಹುದು. ಕೆಳಗಿನ ಕಾಲುಗಳನ್ನು ತಿರುಗಿಸಿ ಓರೆ ಮಾಡಿದರೆ ಅಂಗೈ ಪೂರ್ತಿ ಮಗುಚಿಕೊಳ್ಳುವುದಿಲ್ಲ. ಕೀಗಳು ಮೇಲಿಂದ ಕೆಳಕ್ಕೆ ನೇರ ಸಾಲಿನಲ್ಲಿವೆ. ಮಾಮೂಲಿ ಕೀಬೋರ್ಡಿನ ಓರೆ ಸಾಲುಗಳು ಹಳೆಯ ಟೈಪ್‌ರೈಟರಿನ ಕಡ್ಡಿಗಳಿಗಾಗಿ ಹುಟ್ಟಿದ್ದು, ನಮ್ಮ ಬೆರಳಿಗಾಗಿ ಅಲ್ಲ.

ನನಗೆ ಬದುಕು ಬದಲಾಗಿದ್ದು ಹೆಬ್ಬೆರಳಿನ ಕೀಗಳಿಂದ. ಯಾವ ಕೀ ಏನು ಮಾಡಬೇಕು ಅಂತ ಕಂಪನಿಯ ಓರಿಕ್ಸ್ ಜಾಲತಾಣದಲ್ಲಿ ನಾವೇ ಕೂರಿಸಬಹುದು. ಮೊದಲು ಒಂದೇ ಕೀಗೆ ಎರಡು ಕೆಲಸ ಕೊಟ್ಟೆ: ತಟ್ಟಿದರೆ ಸ್ಪೇಸ್, ಒತ್ತಿ ಹಿಡಿದರೆ ಶಿಫ್ಟ್. ಬೇಗ ಬೇಗ ಬರೆಯುವಾಗ ಎರಡೂ ಕಲಸಿಹೋಗುತ್ತಿದ್ದವು. ಕಂಪನಿಗೆ ಬರೆದೆ. ಕನ್ನಡದಲ್ಲಿ ಶಿಫ್ಟ್ ಯಾಕೆ ಇಷ್ಟು ಬೇಕು ಅಂತಲೂ ವಿವರಿಸಿದೆ. ಸಿದ್ಧ ಉತ್ತರ ಬರುತ್ತದೆ ಅಂದುಕೊಂಡಿದ್ದೆ. ಬಂದಿದ್ದು ನನ್ನ ಪತ್ರವನ್ನು ಸಾಲುಸಾಲಾಗಿ ಓದಿದ ಮನುಷ್ಯರ ಉತ್ತರ. ಶಿಫ್ಟಿಗೆ ಬೇರೆ ಹೆಬ್ಬೆರಳ ಕೀ ಕೊಡಿ ಅಂತ ಹೇಳಿ, ಹಾಗೆ ಜೋಡಿಸಿದ ವಿನ್ಯಾಸದ ಕೊಂಡಿಯನ್ನೂ ಕಳಿಸಿದ್ದರು. ಇವತ್ತಿಗೂ ಅದನ್ನೇ ಬಳಸುತ್ತಿದ್ದೇನೆ.

ಕೈ ಒಗ್ಗಲು ಮೂರು ವಾರ ಹಿಡಿಯಿತು. ಮೊದಲ ವಾರ ಅಳುವೇ ಬಂದಿತ್ತು. ಸೆಳೆತ ಹೋಗಿದ್ದು ನಾಲ್ಕನೇ ತಿಂಗಳಲ್ಲಿ. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಹೇಳಲಾರೆ, ನೋವಿದ್ದವರು ಡಾಕ್ಟರನ್ನೂ ನೋಡಲೇಬೇಕು.

ಹೋದ ವರ್ಷ ಬಲ ಹೋಳಿನ ಮೇಲೆ ಕಾಫಿ ಚೆಲ್ಲಿದೆ. ನಾಲ್ಕು ಕೀ ಅಂಟಿಕೊಂಡವು. ಹಳೆಯ ಕೀಬೋರ್ಡ್ ಆಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇದರಲ್ಲಿ ಬೆಸುಗೆ ಬೇಕಿಲ್ಲ. ಪುಟ್ಟ ಚಿಮಟದಿಂದ ಕೀಯ ಕೆಳಗಿನ ಸ್ವಿಚ್ಚನ್ನು ಎರಡೂ ಬದಿ ಹಿಡಿದು ಎಳೆದೆ, ಟಕ್ ಅಂತ ಹೊರಗೆ ಬಂತು. ಹೊಸದನ್ನು ಒತ್ತಿದೆ, ಕೂತಿತು. ಅರ್ಧ ಗಂಟೆಯಲ್ಲಿ ಮತ್ತೆ ಕೆಲಸಕ್ಕೆ ಕೂತೆ.

ಬೆಲೆ ಜಾಸ್ತಿ, ನಿಜ. ಆಗ 300 ಡಾಲರ್ ದಾಟಿತ್ತು, ಕಸ್ಟಮ್ಸ್ ಬೇರೆ. ದಿನಕ್ಕೆ ಒಂದು ಗಂಟೆ ಟೈಪ್ ಮಾಡುವವರಿಗೆ ಇದು ಬೇಡ. ದಿನವಿಡೀ ಕನ್ನಡ ಬರೆಯುವವರು ಮಾತ್ರ ಒಮ್ಮೆ ಶಿಫ್ಟನ್ನು ಹೆಬ್ಬೆರಳಿಗೆ ಕೊಟ್ಟು ನೋಡಿ.