ಹಳೆಯ ಜಿಪ್ಸಿಯ ವಿಮೆ: ನವೀಕರಣದ ದಿನವೇ ನಾನು ಸೋತ ಲೆಕ್ಕ

ನಮ್ಮ ಕಲಬುರಗಿ, ಸೇಡಂ, ಚಿಂಚೋಳಿ, ಆಳಂದ ಭಾಗದಲ್ಲಿ ಹೊಲದ ಕೆಲಸಕ್ಕೆಂದೋ ಆಸೆಗೆಂದೋ ಹಳೆಯ ಜಿಪ್ಸಿ, ಹಳೆಯ ಮಹೀಂದ್ರಾ ಜೀಪು ಇಟ್ಟುಕೊಂಡು, ಅದಕ್ಕೆ ದೊಡ್ಡ ಟೈರು, ಕೆಸರಲ್ಲಿ ಸಿಕ್ಕ ಗಾಡಿಯನ್ನು ಎಳೆಯುವ ವಿಂಚು, ಕಬ್ಬಿಣದ ಬಂಪರು ಹಾಕಿಸಿಕೊಂಡವರು ಸಾಕಷ್ಟು ಮಂದಿ ಇದ್ದಾರೆ. ಅವರೆಲ್ಲ ತಮ್ಮ ವಿಮಾ ಪಾಲಿಸಿಯ ಕಾಗದವನ್ನು ಒಮ್ಮೆ ಹೊರತೆಗೆದು, ಪಕ್ಕದಲ್ಲಿಟ್ಟುಕೊಂಡು ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ನಾಲ್ಕು ಲಕ್ಷ ಮೂವತ್ತು ಸಾವಿರ ರೂಪಾಯಿ ಸುರಿದ ವಾಹನವೊಂದು ಪೂರ್ತಿ ಹಾಳಾದಾಗ ನನ್ನ ಕೈಗೆ ಬಂದದ್ದು 76,000 ರೂಪಾಯಿ. ಮೊದಲು ಕೊಡಲು ಬಂದದ್ದಂತೂ 44,000 ರೂಪಾಯಿ ಮಾತ್ರ.

ಗಾಡಿ 2006ರ ಮಾರುತಿ ಜಿಪ್ಸಿ, 1298 ಸಿಸಿಯ ಪೆಟ್ರೋಲ್ ಎಂಜಿನ್. 2016ರಲ್ಲಿ 2,40,000 ರೂಪಾಯಿಗೆ ಕೊಂಡೆ. ಸೇಡಂ ತಾಲ್ಲೂಕಿನಲ್ಲಿರುವ ನಮ್ಮ ತೊಗರಿ ಹೊಲ ಅಪ್ಪಟ ಎರೆ ಭೂಮಿ. ಎರಡು ದಿನ ಮಳೆ ಹಿಡಿದರೆ ಟ್ರ್ಯಾಕ್ಟರ್ ಬಿಟ್ಟು ಬೇರೆ ಯಾವ ಗಾಡಿಯೂ ಹೊಲದ ದಾರಿಯಲ್ಲಿ ಹೋಗಲಾರದು. ಹಾಗಾಗಿ ವರ್ಷಕ್ಕೊಂದರಂತೆ ಸಾಮಾನು ಹಾಕಿಸುತ್ತ ಬಂದೆ: ಟೈರು ಮತ್ತು ರಿಮ್ಮಿಗೆ 62,000, ವಿದ್ಯುತ್ ವಿಂಚಿಗೆ 48,000, ಮುಂದಿನ ಬಂಪರು ಮತ್ತು ಒಳಗಿನ ರೋಲ್ ಕೇಜಿಗೆ (ಪಲ್ಟಿಯಾದಾಗ ಒಳಗಿದ್ದವರನ್ನು ಕಾಯುವ ಕಬ್ಬಿಣದ ಚೌಕಟ್ಟು) 45,000, ಲೀಫ್ ಸ್ಪ್ರಿಂಗ್ ಬದಲಿಸಿ ಗಾಡಿಯನ್ನು ಎರಡು ಇಂಚು ಎತ್ತರಿಸಿದ್ದಕ್ಕೆ 35,000. ಎಲ್ಲದಕ್ಕೂ ಬಿಲ್ಲುಗಳಿದ್ದವು. ಹದಿನೈದು ವರ್ಷ ತುಂಬಿದಾಗ ನಮ್ಮ ಆರ್‌ಟಿಒ ಕಚೇರಿಯಲ್ಲಿ ನೋಂದಣಿಯನ್ನು ಐದು ವರ್ಷಕ್ಕೆ ನವೀಕರಿಸಿಕೊಂಡಿದ್ದೆ. ಕಾಗದಪತ್ರ ಸರಿಯಾಗಿವೆ ಎಂಬ ಧೈರ್ಯ ನನಗೆ ಪೂರ್ತಿಯಾಗಿತ್ತು.

2023ರ ಆಗಸ್ಟ್‌ನ ಒಂದು ಸಂಜೆ, ಜಿಟಿಜಿಟಿ ಮಳೆಯಲ್ಲಿ, ಹೊಲದಿಂದ ಕಲಬುರಗಿಗೆ ಮರಳುತ್ತಿದ್ದಾಗ, ಮಳಖೇಡದ ಕಾಗಿಣಾ ಸೇತುವೆ ದಾಟಿದ ಸ್ವಲ್ಪ ದೂರದಲ್ಲಿ ಎದುರಿನಿಂದ ಬಂದ ಲಾರಿಯೊಂದು ಮುಂದಿನ ಗಾಡಿಯನ್ನು ಹಿಂದಿಕ್ಕುತ್ತ ನನ್ನ ಬದಿಗೇ ಬಂತು. ತಪ್ಪಿಸಲು ಎಡಕ್ಕೆ ತಿರುಗಿಸಿದೆ. ರಸ್ತೆಯಂಚಿನ ಹಸಿ ಮಣ್ಣಿಗೆ ಚಕ್ರ ಇಳಿಯಿತು, ಗಾಡಿ ಎರಡು ಪಲ್ಟಿ ಹೊಡೆದು ಹೊಲದಲ್ಲಿ ಬಿತ್ತು. ಲಾರಿ ನಿಲ್ಲಲಿಲ್ಲ, ಅದರ ನಂಬರೂ ನನಗೆ ಕಾಣಲಿಲ್ಲ. ರೋಲ್ ಕೇಜ್ ಇದ್ದುದರಿಂದ ಭುಜದ ಪೆಟ್ಟಿನೊಂದಿಗೆ ನಾನು ಉಳಿದೆ. ಆ ಕೇಜ್ ಹಾಕಿಸಿದ್ದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಅದನ್ನು ವಿಮಾ ಕಂಪನಿಗೆ ತಿಳಿಸದೆ ಹೋದದ್ದಕ್ಕೆ ಮಾತ್ರ ಇದೆ.

ಇಲ್ಲಿ ಲೆಕ್ಕದ ಮೂಲವನ್ನು ಹೇಳಲೇಬೇಕು. ವಾಹನ ಪೂರ್ತಿ ಹಾಳಾದರೆ ಕಂಪನಿ ಕೊಡುವುದು ಪಾಲಿಸಿಯಲ್ಲಿ ಐಡಿವಿ (ಇನ್ಶೂರ್ಡ್ ಡಿಕ್ಲೇರ್ಡ್ ವ್ಯಾಲ್ಯೂ) ಎಂದು ಬರೆದಿರುವ ಮೊತ್ತವನ್ನು. ಆ ವರ್ಷದ ಮಟ್ಟಿಗೆ ಅದನ್ನೇ ಗಾಡಿಯ ಮಾರುಕಟ್ಟೆ ಬೆಲೆ ಎಂದು ಎರಡೂ ಕಡೆಯವರು ಒಪ್ಪಿಕೊಂಡಂತೆ. ಹೊಸ ಗಾಡಿಗಳಿಗೆ ಇದನ್ನು ನಿಗದಿಪಡಿಸುವ ಪಟ್ಟಿ ಇದೆ: ಆರು ತಿಂಗಳವರೆಗೆ ತಯಾರಕರ ಮಾರಾಟ ಬೆಲೆಯಲ್ಲಿ ಶೇ 5 ಕಳೆಯುವುದರಿಂದ ಹಿಡಿದು, ನಾಲ್ಕರಿಂದ ಐದು ವರ್ಷದ ಗಾಡಿಗೆ ಶೇ 50 ಕಳೆಯುವವರೆಗೆ. ಐದು ವರ್ಷ ದಾಟಿದ ಗಾಡಿಗಳಿಗೆ, ತಯಾರಿಕೆ ನಿಂತುಹೋದ ಮಾದರಿಗಳಿಗೆ ಈ ಪಟ್ಟಿ ಅನ್ವಯಿಸುವುದಿಲ್ಲ. ಕಂಪನಿ ಮತ್ತು ಗ್ರಾಹಕ ಪರಸ್ಪರ ಒಪ್ಪಿಕೊಂಡ ಮೊತ್ತವೇ ಐಡಿವಿ. ಅಂದರೆ ಹಳೆಯ ಗಾಡಿಯವರಿಗೆ ಮಾತುಕತೆಯ ಹಕ್ಕು ನಿಜವಾಗಿಯೂ ಇದೆ, ಆದರೆ ಅದು ಇರುವುದು ಪಾಲಿಸಿ ಮಾಡಿಸುವ ದಿನ. ನಾನು ಮೊಬೈಲಿನಲ್ಲಿ ಬಂದ 1,40,000 ಎಂಬ ಅಂಕಿಯನ್ನು ನೋಡಿ, ಪ್ರೀಮಿಯಂ ಕಡಿಮೆ ಇದೆಯೆಂದು ಹಣ ಕಟ್ಟಿಬಿಟ್ಟಿದ್ದೆ. ಆಮೇಲೆ ಕೂತು ಲೆಕ್ಕ ಹಾಕಿದಾಗ ತಿಳಿಯಿತು: ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಕಳೆದು ಜಿಎಸ್‌ಟಿ ಸೇರಿಸಿದರೂ, ಐಡಿವಿಯನ್ನು ಒಂದು ಲಕ್ಷ ಏರಿಸಲು ನನಗೆ ಬೀಳುತ್ತಿದ್ದ ಹೆಚ್ಚುವರಿ ಖರ್ಚು ವರ್ಷಕ್ಕೆ ಸುಮಾರು ಎರಡು ಸಾವಿರ ರೂಪಾಯಿ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಪಾಲಿಸಿಯಲ್ಲಿ ವಿದ್ಯುತ್ ಸಾಮಾನು, ವಿದ್ಯುತ್ತಿಲ್ಲದ ಸಾಮಾನು ಎಂದು ಎರಡು ಕಲಮುಗಳಿರುತ್ತವೆ. ಕಾರ್ಖಾನೆಯಿಂದ ಬಂದ ಬೆಲೆಯಲ್ಲಿ ಸೇರದ ಯಾವ ವಸ್ತುವನ್ನೇ ಆಗಲಿ ಅಲ್ಲಿ ಬೆಲೆ ಸಮೇತ ಬರೆಸದಿದ್ದರೆ ಅದಕ್ಕೆ ವಿಮೆ ಇಲ್ಲ. ನನ್ನ ಪಾಲಿಸಿಯಲ್ಲಿ ಎರಡೂ ಕಲಮುಗಳಲ್ಲಿ ಸೊನ್ನೆ ಇತ್ತು. ಹಿಂದೆ ಒಮ್ಮೆ ಏಜೆಂಟರನ್ನು ಕೇಳಿದ್ದಾಗ, "ಅದೆಲ್ಲಾ ಹೇಳ್ಲಿಕ್ಕೆ ಹೋಗಬ್ಯಾಡ್ರಿ ಸರ, ಸುಮ್ನೆ ಪ್ರೀಮಿಯಂ ಹೆಚ್ಚಾಗ್ತದ" ಎಂದಿದ್ದರು. ವಿದ್ಯುತ್ ಸಾಮಾನಿಗೆ ಹಳೆಯ ದರಪಟ್ಟಿಯ ಪ್ರಕಾರ ಅದರ ಬೆಲೆಯ ಶೇ 4ರಷ್ಟು ಪ್ರೀಮಿಯಂ. ನನ್ನ ವಿಂಚಿಗೆ ಅದು ವರ್ಷಕ್ಕೆ ಎರಡು ಸಾವಿರವೂ ಆಗುತ್ತಿರಲಿಲ್ಲ. ಏಜೆಂಟರು ಕೆಟ್ಟ ಉದ್ದೇಶದಿಂದ ಹೇಳಿದರೆಂದು ನಾನು ಭಾವಿಸುವುದಿಲ್ಲ; ಆದರೆ ಅವರ ಬಾಯಿಮಾತಿಗೆ ಕ್ಲೇಮಿನ ದಿನ ಯಾವ ಬೆಲೆಯೂ ಇರಲಿಲ್ಲ, ಸಹಿ ಇದ್ದದ್ದು ನನ್ನದು.

ನಷ್ಟ ಅಂದಾಜಿಸಲು ವಿಮಾ ಕಂಪನಿ ನೇಮಿಸಿದ ಸರ್ವೇಯರ್ ನಾಲ್ಕನೆಯ ದಿನ ಗ್ಯಾರೇಜಿಗೆ ಬಂದರು. ಮಿಸ್ತ್ರಿ ಕೊಟ್ಟ ರಿಪೇರಿಯ ಎಸ್ಟಿಮೇಟ್ 2,70,000 ರೂಪಾಯಿ. ಹತ್ತು ವರ್ಷ ದಾಟಿದ ಗಾಡಿಯ ಲೋಹದ ಭಾಗಗಳಿಗೆ ಶೇ 50, ರಬ್ಬರು, ಪ್ಲಾಸ್ಟಿಕ್, ಟೈರು, ಬ್ಯಾಟರಿಗಳಿಗೂ ಶೇ 50 ಸವಕಳಿ ಕಳೆದು, ನಾನು ಹಾಕಿಸಿದ ಸಾಮಾನುಗಳನ್ನು ಪೂರ್ತಿ ಕೈಬಿಟ್ಟು, ಅವರು ಕಂಪನಿಯ ಹೊಣೆಯನ್ನು 1,21,000 ಎಂದು ಅಂದಾಜಿಸಿದರು. ಈ ಮೊತ್ತ ಐಡಿವಿಯ ಶೇ 75ನ್ನು, ಅಂದರೆ ನನ್ನ ಪಾಲಿಸಿಯಲ್ಲಿ 1,05,000 ರೂಪಾಯಿಯನ್ನು, ದಾಟಿದರೆ ಗಾಡಿಯನ್ನು ಟೋಟಲ್ ಲಾಸ್, ಅಂದರೆ ಪೂರ್ತಿ ಹಾಳಾದದ್ದು, ಎಂದು ಪರಿಗಣಿಸುತ್ತಾರೆ. ಇಲ್ಲಿಯವರೆಗೆ ಎಲ್ಲವೂ ನಿಯಮದಂತೆಯೇ ನಡೆದಿತ್ತು. ಆ ದಿನವೇ ಅವರು ಒಂದು ಅಚ್ಚಾದ ಒಪ್ಪಿಗೆ ಪತ್ರ ಮುಂದಿಟ್ಟು, "ಇದು ಬರೀ ಫಾರ್ಮಾಲಿಟಿ ಅದ, ಸಹಿ ಮಾಡ್ರಿ, ಮುಂದಿಂದು ಲಗೂನ ಆಗ್ತದ" ಎಂದರು. ಭುಜಕ್ಕೆ ಪಟ್ಟಿ ಕಟ್ಟಿಕೊಂಡು ನಿಂತಿದ್ದ ನಾನು ಓದದೆ ಸಹಿ ಹಾಕಿದೆ. ಅದರಲ್ಲಿ ಮೊತ್ತದ ಜಾಗ ಖಾಲಿ ಇತ್ತು. ಹಾಳಾದ ಗಾಡಿಯನ್ನು ನಾನೇ ಇಟ್ಟುಕೊಂಡು, ಅದರ ಗುಜರಿ ಬೆಲೆ ಕಳೆದು ಉಳಿದದ್ದನ್ನು ಪಡೆಯಲು, ಜೊತೆಗೆ ಆರ್‌ಸಿ (ನೋಂದಣಿ ಪತ್ರ) ರದ್ದು ಮಾಡಿಸಲು ನಾನು ಒಪ್ಪಿದ್ದೇನೆ ಎಂದು ಅದರಲ್ಲಿ ಬರೆದಿತ್ತು.

ಒಂದು ತಿಂಗಳ ನಂತರ ಇಮೇಲಿನಲ್ಲಿ ಲೆಕ್ಕ ಬಂತು. 1,40,000 ರೂಪಾಯಿಯಲ್ಲಿ, ತಿಳಿಸದೆ ಮಾರ್ಪಾಡು ಮಾಡಿದ್ದಕ್ಕೆ ಶೇ 25 ಕಡಿತ. ಉಳಿದ 1,05,000ದಲ್ಲಿ ಗುಜರಿ ಬೆಲೆ 60,000 ಮತ್ತು ಕಡ್ಡಾಯ ಕಡಿತ (ಪ್ರತಿ ಕ್ಲೇಮಿನಲ್ಲೂ ಮಾಲೀಕನೇ ಹೊರಬೇಕಾದ ಪಾಲು) 1,000 ಹೋಗಿ 44,000 ರೂಪಾಯಿ.

ಮೊದಲು ನಾನು ಮಾಡಿದ್ದು ಬರೀ ವ್ಯರ್ಥ ಶ್ರಮ. ಜಿಪ್ಸಿಯ ತಯಾರಿಕೆ ನಿಂತ ಮೇಲೆ ಹಳೆಯ ಗಾಡಿಗಳ ಬೆಲೆ ಏರಿದೆಯೆಂದು ತೋರಿಸಲು ಮಾರಾಟದ ಜಾಹೀರಾತುಗಳನ್ನು, ನನ್ನ ಬಿಲ್ಲುಗಳನ್ನು ಜೋಡಿಸಿ ಆರು ವಾರ ಪತ್ರ ಬರೆದೆ. ಪ್ರತಿ ಸಲವೂ ಒಂದೇ ಉತ್ತರ: ಐಡಿವಿಯನ್ನು ನೀವೇ ಒಪ್ಪಿದ್ದೀರಿ. ಅದು ಸರಿಯಾದ ಉತ್ತರವೇ ಆಗಿತ್ತು. ದಯವಿಟ್ಟು ಅಪಘಾತವಾದ ಮೇಲೆ ಮಾರುಕಟ್ಟೆ ಬೆಲೆಯ ವಾದಕ್ಕೆ ಒಂದು ದಿನವನ್ನೂ ಕೊಡಬೇಡಿ.

ಶೇ 25ರ ಕಡಿತದ ವಿಷಯದಲ್ಲಿ ನನಗೆ ಸಿಟ್ಟು ಇದ್ದರೂ ವಾದ ಗಟ್ಟಿಯಾಗಿರಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಪಾಲಿಸಿಯ ಷರತ್ತನ್ನು ಮೀರಿದ್ದರೂ ಕ್ಲೇಮನ್ನು ಪೂರ್ತಿ ತಳ್ಳಿಹಾಕದೆ ಶೇ 75ರವರೆಗೆ ಕೊಡುವ ರೂಢಿಗೆ 2010ರ ಸುಪ್ರೀಂ ಕೋರ್ಟ್ ತೀರ್ಪೊಂದರ ಬೆಂಬಲವಿದೆ. ಅಪಘಾತಕ್ಕೆ ಕಾರಣ ಲಾರಿ, ಮಾರ್ಪಾಡು ಅಲ್ಲ ಎಂದು ನಾನು ಬರೆದೆ. ಗಾಡಿ ಎರಡು ಇಂಚು ಎತ್ತರವಾಗಿದ್ದುದರಿಂದ ಪಲ್ಟಿಯಾಗುವ ಸಂಭವ ಹೆಚ್ಚಿತ್ತೆಂದು ಅವರು ಬರೆದರು. ಎತ್ತರ ಹೆಚ್ಚಿದಷ್ಟೂ ಗಾಡಿ ಬೇಗ ಮಗುಚುತ್ತದೆ ಎಂಬುದನ್ನು ಯಾವ ಮಿಸ್ತ್ರಿಯನ್ನು ಕೇಳಿದರೂ ಒಪ್ಪುತ್ತಾನೆ, ನಾನೂ ಒಪ್ಪಬೇಕಾಯಿತು.

ನಿಜವಾದ ಅನ್ಯಾಯ ಇದ್ದದ್ದು ಗುಜರಿ ಬೆಲೆಯಲ್ಲಿ, ಮತ್ತು ಅದನ್ನು ಗಮನಿಸಲು ನನಗೆ ಎರಡು ತಿಂಗಳು ಬೇಕಾಯಿತು. ಸರ್ವೇ ವರದಿಯ ಪ್ರತಿಯನ್ನು ಬರವಣಿಗೆಯಲ್ಲಿ ಕೇಳಿ ಪಡೆದು ನೋಡಿದಾಗ, 60,000 ರೂಪಾಯಿಯ ಆಧಾರವೆಂದರೆ ಗುಜರಿ ಖರೀದಿದಾರರೊಬ್ಬರ ಒಂದೇ ಒಂದು ಕೊಟೇಷನ್. ಅದಕ್ಕೆ ಲಗತ್ತಿಸಿದ್ದ ಫೋಟೋಗಳಲ್ಲಿ ನನ್ನ ವಿಂಚು, ನನ್ನ ಟೈರು, ರಿಮ್ಮು, ಬಂಪರು ಎಲ್ಲವೂ ಇದ್ದವು. ವಿಮೆ ಇಲ್ಲವೆಂದು ಹಣ ಕೊಡುವಾಗ ಹೊರಗಿಟ್ಟ ಸಾಮಾನುಗಳನ್ನೇ, ಹಣ ಕಳೆಯುವಾಗ ಗಾಡಿಯ ಬೆಲೆಯೊಳಗೆ ಸೇರಿಸಿದ್ದರು. ಇನ್ನೊಂದು ಸಂಗತಿ: ಆ ಕೊಟೇಷನ್ ಆರ್‌ಸಿ ಸಮೇತ ಗಾಡಿಗೆ ಕೊಟ್ಟದ್ದು, ಆದರೆ ಒಪ್ಪಿಗೆ ಪತ್ರದಲ್ಲಿ ಆರ್‌ಸಿ ರದ್ದಾಗಬೇಕೆಂದಿತ್ತು. ಕಾಗದವಿರುವ ಗಾಡಿಗೂ ಕಾಗದವಿಲ್ಲದ ಕಬ್ಬಿಣಕ್ಕೂ ಗುಜರಿಯಲ್ಲಿ ಅರ್ಧಕ್ಕರ್ಧ ವ್ಯತ್ಯಾಸ ಬರುತ್ತದೆ.

ಆಗ ನನ್ನ ಪತ್ರದ ಧಾಟಿ ಬದಲಾಯಿತು. ಹೊರಗಿಟ್ಟ ಸಾಮಾನುಗಳ ಪಟ್ಟಿ, ಅವನ್ನು ಬಿಚ್ಚಿದ ನಂತರದ ಗಾಡಿಯ ಫೋಟೋಗಳು, ಆರ್‌ಸಿ ಇಲ್ಲದ ಗಾಡಿಗೆಂದು ಸ್ಪಷ್ಟವಾಗಿ ಬರೆಸಿಕೊಂಡ ಎರಡು ಕೊಟೇಷನ್‌ಗಳು, 26,000 ಒಂದು, 28,000 ಇನ್ನೊಂದು, ಇವಿಷ್ಟನ್ನು ಕಂಪನಿಯ ದೂರು ವಿಭಾಗಕ್ಕೆ ಕಳಿಸಿದೆ. ಜೊತೆಗೆ ಒಂದು ವಾಕ್ಯ ಸೇರಿಸಿದೆ: 60,000 ಸರಿಯಾದ ಬೆಲೆಯೆಂದು ನೀವು ನಂಬುವುದಾದರೆ, ಗಾಡಿಯನ್ನು ನೀವೇ ಒಯ್ದು, ಆ ಕಡಿತವಿಲ್ಲದೆ ಹಣ ಕೊಡಿ. ಹದಿನೆಂಟನೆಯ ದಿನ ಗುಜರಿ ಬೆಲೆ 28,000ಕ್ಕೆ ಇಳಿಯಿತು. ನಾನು ಗೆದ್ದದ್ದು ಅಷ್ಟು ಮಾತ್ರ. ಸಹಿ ಮಾಡುವ ಮೊದಲೇ ಈ ವಾಕ್ಯವನ್ನು ಹೇಳಿದ್ದರೆ ಮೂರು ತಿಂಗಳ ಅಲೆದಾಟ ಮತ್ತು ಗ್ಯಾರೇಜಿನವರಿಗೆ ದಿನಕ್ಕೆ 150ರಂತೆ ಕಟ್ಟಿದ ಜಾಗದ ಬಾಡಿಗೆ ಉಳಿಯುತ್ತಿತ್ತು.

ಇದೇ ಹಂತದಲ್ಲಿ ಇರುವವರಿಗೆ ಕೆಲವು ಮಾತು. ಸರ್ವೇಯರ್ ವರದಿಯೇ ಅಂತಿಮವಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ, ಹಾಗಾಗಿ "ವರದಿ ಹೋಗಿಬಿಟ್ಟಿದೆ" ಎಂಬ ಮಾತಿಗೆ ಕೈಚೆಲ್ಲಬೇಡಿ. ಪೂರ್ಣ ಮತ್ತು ಅಂತಿಮ ಎಂದು ಬರೆದ ರಸೀದಿಗೆ ಸಹಿ ಹಾಕಿದ ಮಾತ್ರಕ್ಕೆ ಎಲ್ಲ ದಾರಿ ಮುಚ್ಚುವುದಿಲ್ಲವೆಂದು 1999ರ ತೀರ್ಪೊಂದು ಹೇಳುತ್ತದೆ. ಆದರೆ ಒತ್ತಾಯದಿಂದಲೋ ಮೋಸದಿಂದಲೋ ಸಹಿ ಪಡೆದರೆಂದು ಸಾಬೀತುಪಡಿಸುವ ಹೊರೆ ನಮ್ಮ ಮೇಲೆಯೇ ಬೀಳುತ್ತದೆ. ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ (ವಿಮಾ ದೂರುಗಳನ್ನು ಇತ್ಯರ್ಥಪಡಿಸುವ ಅಧಿಕಾರಿ) ಕಚೇರಿಗೆ ಒಂದು ವರ್ಷದೊಳಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದ ಅವಧಿ ಇದೆ. ನಾನು ಹೋಗಲಿಲ್ಲ, ಏಕೆಂದರೆ ಉಳಿದದ್ದು ಶೇ 25ರ ವಿಷಯ, ಅದರಲ್ಲಿ ನನ್ನ ತಪ್ಪು ಕಾಗದದ ಮೇಲೆಯೇ ಇತ್ತು.

ಹಾಳಾದ ಗಾಡಿಯನ್ನು ಆರ್‌ಸಿ ಸಮೇತ ಕೊಡಿ, ಹತ್ತು ಸಾವಿರ ಹೆಚ್ಚು ಕೊಡುತ್ತೇವೆ ಎಂದು ಗುಜರಿಯವರು ಎರಡು ಸಲ ಬಂದರು. ಆ ನಂಬರನ್ನೂ ಚಾಸಿ ಸಂಖ್ಯೆಯನ್ನೂ ಕಳುವಿನ ಗಾಡಿಗೆ ಹಾಕಿದರೆ ಪೊಲೀಸರು ಹುಡುಕಿಕೊಂಡು ಬರುವುದು ದಾಖಲೆಯಲ್ಲಿರುವ ಮಾಲೀಕನ ಮನೆಗೆ. ಬಳಸಲಾಗದಂತೆ ಹಾಳಾದ ವಾಹನದ ವಿಷಯವನ್ನು ಹದಿನಾಲ್ಕು ದಿನದೊಳಗೆ ಅಥವಾ ಆದಷ್ಟು ಬೇಗ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಆರ್‌ಸಿ ಒಪ್ಪಿಸಬೇಕೆಂದು ಅದೇ ಕಾಯ್ದೆಯ 55ನೆಯ ಕಲಂ ಹೇಳುತ್ತದೆ. ಲೆಕ್ಕ ಇತ್ಯರ್ಥವಾದ ವಾರದಲ್ಲೇ ಆರ್‌ಸಿಯನ್ನು ಒಪ್ಪಿಸಿ ರಸೀದಿ ಪಡೆದೆ, ಗುಜರಿ ಅಂಗಡಿಯಲ್ಲಿ ಚಾಸಿ ಕತ್ತರಿಸುವವರೆಗೂ ಎದುರಿಗೇ ನಿಂತಿದ್ದೆ.

ಹುಮನಾಬಾದಿನಲ್ಲಿರುವ ನಮ್ಮ ಭಾವನವರ ಬಳಿ ಹಳೆಯ ಮಹೀಂದ್ರಾ ಡೀಸೆಲ್ ಜೀಪಿದೆ. ಈ ಸಲ ಅವರ ನವೀಕರಣಕ್ಕೆ ಒಂದು ತಿಂಗಳ ಮುಂಚೆಯೇ ನಾನು ಹೋಗಿ ಕೂತೆ. ಬಿಲ್ಲು, ಫೋಟೋ ಲಗತ್ತಿಸಿ, ಗಾಡಿಯನ್ನು ಪರಿಶೀಲಿಸಿ ಐಡಿವಿ ನಿಗದಿಪಡಿಸಬೇಕೆಂದು ಕಂಪನಿಗೆ ಪತ್ರ ಬರೆದೆವು. ಅವರು ಜನ ಕಳಿಸಿದರು. 90,000 ಇದ್ದ ಐಡಿವಿ 2,10,000ಕ್ಕೆ ಏರಿತು, ಹೆಚ್ಚುವರಿ ಪ್ರೀಮಿಯಂ ಸುಮಾರು ಎರಡೂವರೆ ಸಾವಿರ. ದೀಪ ಮತ್ತು ವಿಂಚು ವಿದ್ಯುತ್ ಸಾಮಾನಿನ ಕಲಮಿನಲ್ಲಿ ಬೆಲೆ ಸಮೇತ ಬಂದವು. ಎತ್ತರಿಸಿದ ಸ್ಪ್ರಿಂಗಿಗೆ ಮಾತ್ರ ಅವರು ಒಪ್ಪಲಿಲ್ಲ. ಭಾವ ಆ ವಾರವೇ ಅದನ್ನು ಬಿಚ್ಚಿಸಿ ಮೊದಲಿನ ಸ್ಪ್ರಿಂಗ್ ಹಾಕಿಸಿದರು, ಆಮೇಲೆ ಪಾಲಿಸಿಗೆ ಹಣ ಕಟ್ಟಿದರು.