ಹವಳ ಎಣಿಸಲು ಅಂಡಮಾನ್‌ಗೆ ಹೋಗಿದ್ದೆ: ಹನ್ನೆರಡು ದಿನದ ಸ್ವಯಂಸೇವೆ ಹೇಗಿತ್ತು

ಏಪ್ರಿಲ್ ರಜೆಯಲ್ಲಿ ಕಲಬುರಗಿಯ ಬಿಸಿಲು ಬಿಟ್ಟು ಅಂಡಮಾನ್‌ನ ಸ್ವರಾಜ್ ದ್ವೀಪಕ್ಕೆ ಹೋಗಿದ್ದೆ. ಹಳೆಯ ಹೆಸರು ಹ್ಯಾವ್‌ಲಾಕ್. ತಿರುಗಾಡೋಕೆ ಅಲ್ಲ, ಹವಳದ ದಿಬ್ಬಗಳ ಮೇಲೆ ಡೈವ್ ಮಾಡಿ (ಬೆನ್ನಿಗೆ ಗಾಳಿ ಟ್ಯಾಂಕ್ ಕಟ್ಟಿ ನೀರಿನೊಳಗೆ ಇಳಿದು) ಲೆಕ್ಕ ಬರೆಯುವ ಸ್ವಯಂಸೇವಕರ ತಂಡದಲ್ಲಿ ಹನ್ನೆರಡು ದಿನ ಕೆಲಸ ಮಾಡೋಕೆ. ಬಂದಮೇಲೆ ನಮ್ಮ ಕಡೆಯ ನಾಲ್ಕೈದು ಜನ ‘ನಾವೂ ಹೋಗಬಹುದಾ’ ಅಂತ ಕೇಳಿದರು, ಅದಕ್ಕೇ ಬರೆಯುತ್ತಿದ್ದೇನೆ. ಎರಡು ದೂರುಗಳಿವೆ, ಹಾಗಾಗಿ ಸಂಸ್ಥೆಯ ಹೆಸರು ಹಾಕುವುದಿಲ್ಲ.

ಮೊದಲು ದುಡ್ಡಿನ ಮಾತು. ಊಟ, ವಸತಿ, ಹದಿನಾಲ್ಕು ಡೈವ್ ಸೇರಿ 72 ಸಾವಿರ ಕೊಟ್ಟೆ. ಚೆನ್ನೈವರೆಗೆ ರೈಲು, ಅಲ್ಲಿಂದ ಪೋರ್ಟ್ ಬ್ಲೇರ್‌ಗೆ ವಿಮಾನ, ಆಮೇಲೆ ಹಡಗು, ಇದೆಲ್ಲ ಬೇರೆ. ಸೇವೆ ಮಾಡೋಕೂ ದುಡ್ಡು ಕೊಡಬೇಕಾ ಅಂತ ನಮ್ಮ ಮನೆಯವರು ಕೇಳಿದರು. ದೋಣಿ, ಡೀಸೆಲ್, ಟ್ಯಾಂಕಿಗೆ ಗಾಳಿ ತುಂಬುವ ಕಂಪ್ರೆಸರ್, ಜೊತೆಗೆ ಇಳಿಯುವ ತರಬೇತುದಾರರು, ಇದೆಲ್ಲ ಖರ್ಚಿನ ಕೆಲಸ ಅಲ್ವಾ. ಅದೇ ದ್ವೀಪದಲ್ಲಿ ಸುಮ್ನೆ ಮೀನು ನೋಡಲು ಇಳಿಯುವವರು ಕೊಡುವ ದರ ನೋಡಿದಮೇಲೆ ನನಗೆ ಇದು ಜಾಸ್ತಿ ಅನ್ನಿಸಲಿಲ್ಲ.

ನಾನು ಈಜು ಕಲಿತದ್ದು ಅಫಜಲಪುರದ ಹತ್ತಿರದ ನಮ್ಮ ಹೊಲದ ಬಾವಿಯಲ್ಲಿ. ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ ನಮ್ಮ ಕಾಕಾ ಬಾವಿಗೆ ಬಿಡುತ್ತಿದ್ದರು. ಓಪನ್ ವಾಟರ್ ಅನ್ನುವ ಮೊದಲ ಹಂತದ ಡೈವಿಂಗ್ ಕೋರ್ಸ್ ಮಾಡಿದ್ದು ಎರಡು ವರ್ಷದ ಹಿಂದೆ, ಮುರುಡೇಶ್ವರದಲ್ಲಿ, ನೇತ್ರಾಣಿ ದ್ವೀಪದ ನೀರಿನಲ್ಲಿ. ಆ ಕೋರ್ಸ್ ಇದ್ದರೆ 18 ಮೀಟರ್ ಆಳದವರೆಗೆ ಇಳಿಯಬಹುದು, ಈ ಕೆಲಸಕ್ಕೆ ಅಷ್ಟು ಸಾಕು. ನಮ್ಮ ಲೆಕ್ಕವೆಲ್ಲ ಹತ್ತು ಮೀಟರ್ ಒಳಗೇ ನಡೆಯಿತು.

ಕೆಲಸ ಏನು ಅಂದರೆ, ರೀಫ್ ಚೆಕ್ ಅನ್ನುವ ಪದ್ಧತಿ ಇದೆ, 1996ರಲ್ಲಿ ಶುರುವಾದದ್ದು, ಜಗತ್ತಿನ ಬೇರೆ ಬೇರೆ ಕಡೆ ನನ್ನಂಥ ಸಾಮಾನ್ಯ ಡೈವರ್‌ಗಳೇ ಅದರಂತೆ ಲೆಕ್ಕ ಬರೆಯುತ್ತಾರೆ. ದಿಬ್ಬದ ಮೇಲೆ ಒಂದೇ ಆಳದಲ್ಲಿ 100 ಮೀಟರ್ ಟೇಪ್ ಹಾಸುತ್ತೀರಿ. ಅದರಲ್ಲಿ 20 ಮೀಟರ್‌ನ ನಾಲ್ಕು ತುಂಡು, ನಡುವೆ ಐದೈದು ಮೀಟರ್ ಬಿಡುವು. ಅರ್ಧ ಅರ್ಧ ಮೀಟರ್‌ಗೆ ಟೇಪಿನ ಕೆಳಗೆ ಏನಿದೆ ಅಂತ ನೋಡಿ ಸ್ಲೇಟಿನ ಮೇಲೆ ಪೆನ್ಸಿಲ್‌ನಿಂದ ಬರೆಯಬೇಕು. ಎಚ್‌ಸಿ ಅಂದರೆ ಗಟ್ಟಿ ಹವಳ, ಎಸ್‌ಡಿ ಅಂದರೆ ಮರಳು, ಆರ್‌ಬಿ ಅಂದರೆ ಒಡೆದ ಚೂರು. ಒಂದು ಟೇಪಿಗೆ 160 ಗುರುತು. ಇನ್ನೊಬ್ಬರು ಅದೇ ದಾರಿಯಲ್ಲಿ ಐದು ಮೀಟರ್ ಅಗಲದೊಳಗೆ ಬರುವ ಚಿಟ್ಟೆ ಮೀನು, ಗಿಳಿ ಮೀನು ಎಣಿಸುತ್ತಾರೆ. ಗಿಳಿ ಮೀನು ದಿಬ್ಬದ ಮೇಲಿನ ಪಾಚಿ ಕೆರೆದು ತಿನ್ನುತ್ತದೆ, ಅದರಿಂದ ಹವಳದ ಮರಿಗಳಿಗೆ ಕೂರಲು ಜಾಗ ಸಿಗುತ್ತದೆ. ಅದು ಕಡಿಮೆಯಾದರೆ ದಿಬ್ಬಕ್ಕೆ ಕಷ್ಟ.

ಕೇಳಲು ಸುಲಭ. ಆದರೆ ನೀರಿನಲ್ಲಿ ತೇಲದೆ, ಮುಳುಗದೆ, ಹವಳಕ್ಕೆ ಒಂದು ಮೊಳ ಮೇಲೆ ನಿಂತು ಬರೆಯಬೇಕು. ಉಸಿರು ಎಳೆದರೆ ಸ್ವಲ್ಪ ಮೇಲೇಳುತ್ತೀರಿ, ಬಿಟ್ಟರೆ ಇಳಿಯುತ್ತೀರಿ. ಬರೆಯುವ ಗಡಿಬಿಡಿಯಲ್ಲಿ ಉಸಿರಿನ ಲಯ ತಪ್ಪಿದರೆ ಕಾಲಿಗೆ ಹಾಕಿದ ಫಿನ್ (ಈಜಲು ಕಟ್ಟುವ ರೆಕ್ಕೆ) ಸೀದಾ ಹವಳಕ್ಕೆ ಬಡಿಯುತ್ತದೆ. ನನ್ನ ಮೊದಲ ದೂರು ಇದೇ ವಿಷಯಕ್ಕೆ. ಮೊದಲ ದಿನ ಹವಳವಿಲ್ಲದ ಮರಳಿನ ತಳದಲ್ಲಿ, ಹೀಗೆ ಒಂದೇ ಮಟ್ಟದಲ್ಲಿ ನಿಲ್ಲುವ ಹಿಡಿತ ಎಲ್ಲರಿಗೂ ಇದೆಯಾ ಅಂತ ಪರೀಕ್ಷೆ ಮಾಡುತ್ತೇವೆ ಅಂತ ಹೇಳಿದ್ದರು, ಆದರೆ ನೀರಿಳಿತದ ಹೊತ್ತು ಮೀರುತ್ತದೆ ಅಂತ ಹೊಸಬರನ್ನೂ ನೇರ ದಿಬ್ಬಕ್ಕೆ ಕರೆದೊಯ್ದರು. ನನ್ನ ಕಣ್ಣೆದುರೇ ಒಬ್ಬರ ಫಿನ್ ತಾಗಿ ಜಿಂಕೆ ಕೊಂಬಿನಂಥ ಹವಳದ ಒಂದು ಕವಲು ಮುರಿಯಿತು. ಕೊಂಬಿನ ಹವಳ ವರ್ಷಕ್ಕೆ ಹೆಚ್ಚೆಂದರೆ ಹತ್ತಿಪ್ಪತ್ತು ಸೆಂಟಿಮೀಟರ್ ಬೆಳೆಯಬಹುದು, ದುಂಡನೆಯದು ಒಂದು ಸೆಂಟಿಮೀಟರ್ ಆಸುಪಾಸು. ಉಳಿಸಲು ಹೋದ ನಾವೇ ಮುರಿದೆವಲ್ಲ ಅಂತ ಆ ಸಂಜೆ ನನಗೆ ಊಟ ಸೇರಲಿಲ್ಲ. ದೋಣಿಯಲ್ಲೇ ಜಗಳ ತೆಗೆದೆ. ಮರುದಿನ ಅರ್ಧ ದಿನ ಮರಳಿನ ಮೇಲೆ ಎಲ್ಲರಿಗೂ ಅಭ್ಯಾಸ ಮಾಡಿಸಿದರು, ಅದು ಒಳ್ಳೆಯದಾಯಿತು.

ತರಬೇತುದಾರರ ಬಗ್ಗೆ ಮಾತ್ರ ಒಂದೂ ಕೆಟ್ಟ ಮಾತಿಲ್ಲ. ಐದನೇ ದಿನ ನನಗೆ ನೆಗಡಿ ಆಗಿತ್ತು. ನೆಗಡಿಯಿಂದ ಕಿವಿ ಬಿಡಿಸಿಕೊಳ್ಳಲು (ಕಿವಿಯೊಳಗಿನ ಒತ್ತಡ ಹೊರಗಿನದಕ್ಕೆ ಸರಿಮಾಡಿಕೊಳ್ಳಲು) ಆಗದಿದ್ದರೆ ನೀರಿನ ಒತ್ತಡಕ್ಕೆ ಕಿವಿಪೊರೆ ಹರಿಯಬಹುದು, ಯಾಕಂದರೆ ಹತ್ತು ಮೀಟರ್ ಇಳಿದರೆ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ನಾನು ಎಷ್ಟು ಬೇಡಿಕೊಂಡರೂ ಎರಡು ದಿನ ಇಳಿಯಲು ಬಿಡಲಿಲ್ಲ, ದೋಣಿಯಲ್ಲಿ ಕೂರಿಸಿ ಬೇರೆಯವರ ಸ್ಲೇಟು ನಕಲು ಮಾಡಿಸಿದರು. ಕೊನೆಯ ಡೈವ್ ಆದಮೇಲೆ ವಿಮಾನಕ್ಕೆ ಮುಂಚೆ ಒಂದು ಇಡೀ ದಿನ ಬಿಡುವು ಇಟ್ಟಿದ್ದರು. ಡೈವ್‌ನಲ್ಲಿ ಮೈಗೆ ಸೇರಿದ ನೈಟ್ರೋಜನ್ ಹೊರಹೋಗಲು ಕನಿಷ್ಠ 18 ಗಂಟೆ ಬಿಡಬೇಕು, ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಊಟ ಅನ್ನ, ಮೀನು, ಬೇಳೆ. ನಾನು ಒಯ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮೂರೇ ದಿನಕ್ಕೆ ಮುಗಿಯಿತು, ಎಲ್ಲರೂ ಕೇಳಿ ಕೇಳಿ ತಿಂದರು.

ಹವಳ ಬೆಳ್ಳಗಾಗುವುದನ್ನು ಪುಸ್ತಕದಲ್ಲಿ ಓದಿ ಪಾಠ ಮಾಡಿದ್ದೆ, ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ಆದರೆ ಕಣ್ಣಾರೆ ನೋಡಿದಾಗ ಬೇರೆಯೇ. ಹವಳ ಒಂದು ಪ್ರಾಣಿ, ಅದರ ಮೈಯೊಳಗಿನ ಪಾಚಿಯೇ ಅದಕ್ಕೆ ಬಣ್ಣವನ್ನೂ ಹೆಚ್ಚಿನ ಅನ್ನವನ್ನೂ ಕೊಡುತ್ತದೆ. ನೀರು ಬೇಸಿಗೆಯ ಮಾಮೂಲಿ ಬಿಸಿಗಿಂತ ಒಂದೇ ಡಿಗ್ರಿ ಏರಿ ಕೆಲವು ವಾರ ಹಾಗೇ ನಿಂತರೂ ಸಾಕು, ಆ ಪಾಚಿ ಹೊರಬೀಳುತ್ತದೆ. 44 ಡಿಗ್ರಿಯಲ್ಲಿ ನಾವು ಬೇವಿನ ಮರದ ನೆರಳಿಗೆ ಹೋಗುತ್ತೇವೆ. ಹವಳ ಕೂತಲ್ಲೇ ಕೂತಿರಬೇಕು. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ನಾಲ್ಕನೇ ಸಲ ಜಗತ್ತಿನಾದ್ಯಂತ ಹವಳ ಬೆಳ್ಳಗಾಗುತ್ತಿದೆ ಅಂತ ಘೋಷಿಸಿದ್ದರು. ನಾನು ಇಳಿದ ಕಡೆ ಕೆಲವು ಕಡೆ ತಿಳಿ ಹಳದಿ, ಕೆಲವು ಪೂರ್ತಿ ಬಿಳಿ, ಪಕ್ಕದಲ್ಲೇ ಗಟ್ಟಿ ಕಂದು ಬಣ್ಣದ ಆರೋಗ್ಯದ ಹವಳ. ಸತ್ತದ್ದು ಸುಣ್ಣದ ಕಲ್ಲಾಗಿ ಉಳಿಯುತ್ತದೆ. ನಮ್ಮ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಪರಸಿ ಕಲ್ಲೂ ಸುಣ್ಣದ ಕಲ್ಲೇ, ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕೂಡಿಕೊಂಡದ್ದು. ಸಮುದ್ರಕ್ಕೂ ನಮಗೂ ಏನು ಸಂಬಂಧ ಅಂತ ಕೇಳುವ ಮಕ್ಕಳಿಗೆ ಈಗ ಕಾಲ ಕೆಳಗೇ ತೋರಿಸುತ್ತೇನೆ.

ಹೊರಡುವಾಗ ನಮ್ಮತ್ತೆ, ‘ಬರೂವಾಗ ನನ್ನ ಉಂಗುರಕ್ಕ ಒಂದು ಹವಳ ತಾ ನೋಡವ್ವ’ ಅಂದಿದ್ದರು. ಉಂಗುರದ ಕೆಂಪು ಹವಳದ ಜಾತಿಯೇ ಬೇರೆ ಅಂತ ಹೇಳಿದೆ. ದಿಬ್ಬದ ಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ. ದಂಡೆಯಲ್ಲಿ ಬಿದ್ದ ಚೂರನ್ನೂ ಚೀಲಕ್ಕೆ ಹಾಕಬಾರದು. ಅತ್ತೆಗೆ ಫೋಟೋ ತಂದುಕೊಟ್ಟೆ, ದೇವರ ಗೂಡಿನ ಪಕ್ಕ ಇಟ್ಟುಕೊಂಡಿದ್ದಾರೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಅರ್ಧ ಅಂಕ ಮೊದಲ ದಿನದ ಅವಸರಕ್ಕೆ ಹೋಯಿತು. ಒಂದು ಪೂರ್ತಿ ಅಂಕ ಎರಡನೇ ದೂರಿಗೆ, ಅದು ನನಗೆ ದೊಡ್ಡದು. ನಾವು ಬರೆದ ಲೆಕ್ಕವನ್ನೆಲ್ಲ ಸೇರಿಸಿ ಒಂದು ತಿಂಗಳಲ್ಲಿ ವರದಿ ಕಳಿಸುತ್ತೇವೆ ಅಂದಿದ್ದರು. ನಾಲ್ಕು ತಿಂಗಳಾಯಿತು, ಬಂದಿಲ್ಲ. ಎಣಿಸುವುದಕ್ಕೇ ಅಷ್ಟು ದೂರ ಹೋದವರಿಗೆ ಆ ಎಣಿಕೆ ಎಲ್ಲಿ ಹೋಯಿತು ಅಂತ ಗೊತ್ತಾಗಬೇಡವೇ? ಹೋಗುವವರು ದುಡ್ಡು ಕಟ್ಟುವ ಮೊದಲೇ ಎರಡು ಪ್ರಶ್ನೆ ಕೇಳಿ: ಮೊದಲ ದಿನ ಮರಳಿನ ಮೇಲೆ ಪರೀಕ್ಷೆ ಇದೆಯಾ, ಹಿಂದಿನ ತಂಡದ ವರದಿ ತೋರಿಸುತ್ತೀರಾ.

ನನ್ನ ಹತ್ತಿರ ಇರುವುದು ನನ್ನ ಸ್ಲೇಟಿನ ಫೋಟೋ ಮಾತ್ರ. ಕೊನೆಯ ಟೇಪಿನಲ್ಲಿ 160ಕ್ಕೆ 52 ಗಟ್ಟಿ ಹವಳ. ಶಾಲೆ ಶುರುವಾದ ದಿನ ಅದನ್ನು ಬೋರ್ಡಿನ ಮೇಲೆ ಬರೆದೆ. ‘ಬ್ಯಾರೆ ಕಡಿ ಎಷ್ಟು ಬಂತ್ರಿ ಟೀಚರ್?’ ಅಂತ ಒಬ್ಬಳು ಕೇಳಿದಳು. ಬಂದ ಕೂಡಲೇ ಹೇಳ್ತೀನಿ ಅಂದಿದ್ದೇನೆ. ಮೊನ್ನೆ ಮತ್ತೆ ಮೇಲ್ ಹಾಕಿದ್ದೇನೆ.