ಟಿ480ಕ್ಕೆ ರ‍್ಯಾಮ್: 8+8, ಒಂದೇ 16, 8+16, 16+16 ಎಲ್ಲ ಹಾಕಿ ನೋಡಿದೆವು

ತಂಗಿ ಆಂಡ್ರಾಯ್ಡ್ ಆ್ಯಪ್ ಮಾಡುವುದನ್ನು ಕಲಿಯುತ್ತಿದ್ದಾಳೆ. ಅವಳ ಹತ್ತಿರ ಇರುವುದು ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ಟಿ480. ಐ5-8250ಯು ಪ್ರೊಸೆಸರ್, 8 ಜಿಬಿಯ ಒಂದೇ ಒಂದು ರ‍್ಯಾಮ್ ಸ್ಟಿಕ್. ಆ್ಯಪ್ ಮಾಡುವ ತಂತ್ರಾಂಶ ಆಂಡ್ರಾಯ್ಡ್ ಸ್ಟುಡಿಯೋ ಜೊತೆ ಎಮ್ಯುಲೇಟರ್ (ಪರದೆಯ ಮೇಲೇ ಓಡುವ ನಕಲಿ ಫೋನ್) ಶುರು ಮಾಡಿದರೆ ಸಾಕು, ಮೌಸ್ ಕೂಡ ತಡವರಿಸುತ್ತಿತ್ತು. "ಅಣ್ಣಾ, ಬೇರೆ ಲ್ಯಾಪ್‌ಟಾಪೇ ತಗೋಬೇಕಾ?" ಅಂತ ಕೇಳಿದಳು. ಸುಮ್ನೆ ಯಾಕೆ ಅಷ್ಟು ಖರ್ಚು, ಮೊದಲು ರ‍್ಯಾಮ್ ಹಾಕಿ ನೋಡೋಣ ಎಂದೆ.

ಏನು ಹಿಡಿಸುತ್ತದೆ ಎಂದು ತಿಳಿಯುವುದೇ ಮೊದಲ ಕೆಲಸ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಪುಟ ತೆರೆದರೆ ಎಷ್ಟು ಸ್ಲಾಟ್ ಇದೆ, ಎಷ್ಟು ಖಾಲಿ ಇದೆ, ಯಾವ ವೇಗದಲ್ಲಿ ಓಡುತ್ತಿದೆ ಎಲ್ಲ ಸಿಗುತ್ತದೆ. ಇವಳದ್ದರಲ್ಲಿ ಎರಡು ಸ್ಲಾಟ್, ಒಂದು ಖಾಲಿ, ವೇಗ 2400 (ಸೆಕೆಂಡಿಗೆ 240 ಕೋಟಿ ಸಲ ಡೇಟಾ ಸಾಗಿಸುತ್ತದೆ ಎಂದರ್ಥ). ಬೇಕಾದದ್ದು ಡಿಡಿಆರ್4ನ, ಅಂದರೆ ನಾಲ್ಕನೆಯ ತಲೆಮಾರಿನ, 260 ಪಿನ್ ಲ್ಯಾಪ್‌ಟಾಪ್ ಸ್ಟಿಕ್. ಡಿಡಿಆರ್3ಕ್ಕೆ 204 ಪಿನ್, ಡಿಡಿಆರ್5ಕ್ಕೆ 262. ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಒತ್ತಿ ಕೂರಿಸಲು ಹೋಗಬೇಡಿ.

ಮಾಡೆಲ್ ಹೆಸರನ್ನು ಕೊನೆಯ ಅಕ್ಷರದವರೆಗೂ ಓದಿ. ಟಿ480ರಲ್ಲಿ ಎರಡು ಸ್ಲಾಟ್. ಟಿ480ಎಸ್‌ನಲ್ಲಿ ಸ್ವಲ್ಪ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿದೆ, ಸ್ಲಾಟ್ ಒಂದೇ. ಇದೇ ಥಿಂಕ್‌ಪ್ಯಾಡ್ ಸಾಲಿನ ಎಕ್ಸ್1 ಕಾರ್ಬನ್‌ನಲ್ಲಂತೂ ಪೂರ್ತಿ ಬೆಸುಗೆ. ಅದಕ್ಕೆ ಆಮೇಲೆ ಏನೂ ಸೇರಿಸಲು ಬರುವುದಿಲ್ಲ.

ಮೊದಲು ಹಾಕಿದ್ದು 8+8, ಅಂದರೆ 8 ಜಿಬಿಯ ಎರಡು ಸ್ಟಿಕ್. 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತಲ್ವಾ, ಹಾಗಾಗಿ ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಅಂಗಡಿಯಲ್ಲಿ ಹಳೆಯ 8 ಜಿಬಿ ಸ್ಟಿಕ್ ತಂದೆವು. ಚೀಟಿಯ ಮೇಲೆ ಪಿಸಿ4-2400 ಎಂದಿತ್ತು. ಕೆಲವು ಸ್ಟಿಕ್‌ಗಳ ಮೇಲೆ ಪಿಸಿ4-19200 ಎಂದಿರುತ್ತದೆ. ಎರಡೂ ಒಂದೇ, ಗಾಬರಿ ಬೇಡ. ಹಾಕಿದ ಕೂಡಲೇ 16 ಜಿಬಿ ತೋರಿಸಿತು. ತಂಗಿಗೆ ಖುಷಿಯೋ ಖುಷಿ. ಆದರೆ ಮರುದಿನ ಬಿಲ್ಡ್ (ಕೋಡ್‌ನಿಂದ ಆ್ಯಪ್ ತಯಾರಾಗುವ ಕೆಲಸ) ನಡುವೆಯೇ ನಿಂತಿತು, ಸಂಜೆ ನೀಲಿ ಪರದೆ ಬಂತು. ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86+ ಎಂಬ ಮೆಮೊರಿ ಪರೀಕ್ಷಿಸುವ ತಂತ್ರಾಂಶ ಓಡಿಸಿ ಮಲಗಿದೆ. ಬೆಳಿಗ್ಗೆ ಪರದೆ ತುಂಬ ಕೆಂಪು ಸಾಲುಗಳು. ತಪ್ಪು ಸ್ಲಾಟಿನದೋ ಸ್ಟಿಕ್‌ನದೋ ತಿಳಿಯಬೇಕಲ್ಲ? ಹೊಸದಾಗಿ ತಂದದ್ದೊಂದನ್ನೇ ಮೊದಲು ಒಂದು ಸ್ಲಾಟಿನಲ್ಲಿ, ಆಮೇಲೆ ಇನ್ನೊಂದರಲ್ಲಿ ಹಾಕಿ ನೋಡಿದೆ. ಎರಡರಲ್ಲೂ ಕೆಂಪು. ಹಳೆಯದು ಎರಡರಲ್ಲೂ ಸರಿ. ಫೋನಿನಲ್ಲಿ ಫೋಟೋ ತೆಗೆದು ತೋರಿಸಿದ ಮೇಲೆ ಅಂಗಡಿಯವರು ಬದಲಾಯಿಸಿ ಕೊಟ್ಟರು. ಎರಡನೆಯ ಸ್ಟಿಕ್ ಇಡೀ ರಾತ್ರಿ ಒಂದೂ ತಪ್ಪಿಲ್ಲದೆ ಓಡಿತು.

ಆಮೇಲೆ ಹೊಸ 16 ಜಿಬಿ ಸ್ಟಿಕ್ ತಂದೆ. ಅದನ್ನು ಒಂದು ಸಂಜೆ ಒಂಟಿಯಾಗಿ ಹಾಕಿದ್ದು ಬರೀ ಕುತೂಹಲಕ್ಕೆ. ಒಟ್ಟು ಅದೇ 16 ಜಿಬಿ. ಆದರೂ ಎಮ್ಯುಲೇಟರ್‌ನಲ್ಲಿ ಸ್ಕ್ರೋಲ್ ಮಾಡುವಾಗ 8+8 ಹೆಚ್ಚು ನಯವಾಗಿತ್ತು, ಇಬ್ಬರಿಗೂ ಗೊತ್ತಾಯಿತು. ಕಾರಣ ಇದೆ. 2400ರ ಒಂದು ಸ್ಟಿಕ್ ಸೆಕೆಂಡಿಗೆ ಹೆಚ್ಚೆಂದರೆ 19.2 ಜಿಬಿ ಸಾಗಿಸಬಲ್ಲದು. ಎರಡು ಸ್ಟಿಕ್ ಇದ್ದರೆ ಎರಡು ಚಾನೆಲ್ (ಡೇಟಾ ಸಾಗುವ ದಾರಿ) ಸೇರಿ 38.4. ಈ ಲ್ಯಾಪ್‌ಟಾಪಿಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಇದೇ ರ‍್ಯಾಮನ್ನೇ ಬಳಸುತ್ತದೆ.

ಹೊಸ ಸ್ಟಿಕ್ 3200ರದ್ದು. ಅಂಗಡಿಯಲ್ಲಿ ಸುಲಭವಾಗಿ ಸಿಕ್ಕಿದ್ದು ಅದೇ. ಈ ಪ್ರೊಸೆಸರ್‌ಗೆ 2400ಕ್ಕಿಂತ ಜಾಸ್ತಿ ಬರುವುದಿಲ್ಲ, ಆದ್ದರಿಂದ ಅದೂ 2400ಕ್ಕೇ ಇಳಿದು ಓಡುತ್ತದೆ. ತೊಂದರೆ ಏನಿಲ್ಲ, ಆದರೆ ಆ ಅಂಕಿಗೆಂದು ಜಾಸ್ತಿ ಹಣ ಕೊಡಬೇಡಿ.

ಅದನ್ನು ಹಳೆಯ 8ರ ಜೊತೆ ಸೇರಿಸಿದರೆ 24 ಜಿಬಿ. ಎರಡೂ ಒಂದೇ ಅಳತೆಯದಾಗಿರಬೇಕು ಎಂದು ಎಷ್ಟೋ ಜನ ಹೇಳುತ್ತಾರೆ, ಹಾಗೇನಿಲ್ಲ. ಇಂಟೆಲ್‌ನಲ್ಲಿ ಬೇರೆ ಬೇರೆ ಅಳತೆಯ ಸ್ಟಿಕ್‌ಗಳನ್ನು ಸೇರಿಸಿ ಓಡಿಸುವ ಫ್ಲೆಕ್ಸ್ ಮೋಡ್ ಇದೆ. ಹಳೆಯ 8 ಮತ್ತು ಹೊಸ ಸ್ಟಿಕ್‌ನ 8 ಸೇರಿ 16 ಜಿಬಿ ಎರಡು ಚಾನೆಲ್‌ನಲ್ಲಿ ಓಡುತ್ತದೆ, ಉಳಿದ 8 ಮಾತ್ರ ಒಂದರಲ್ಲಿ. 8+8ರ ನಯ ಉಳಿಯಿತು, ಎಮ್ಯುಲೇಟರ್, ಬ್ರೌಸರ್, ಪಾಠದ ವಿಡಿಯೋ ಎಲ್ಲ ಒಟ್ಟಿಗೆ ತೆರೆದರೂ ತಡವರಿಕೆ ಇರಲಿಲ್ಲ.

ನನ್ನ ಲ್ಯಾಪ್‌ಟಾಪಿನಿಂದ ಎರಡು 16 ಬಿಚ್ಚಿ ವಾರಾಂತ್ಯಕ್ಕೆ 32 ಜಿಬಿಯನ್ನೂ ನೋಡಿದೆವು. ಅವಳ ಕೆಲಸಕ್ಕೆ ಬಳಕೆ 20 ಜಿಬಿ ದಾಟಲೇ ಇಲ್ಲ. ವರ್ಚುವಲ್ ಮಷಿನ್ (ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್) ಓಡಿಸುವವರಿಗೆ ಸರಿ, ಇವಳಿಗೆ ಬೇಡ. 8+16ನ್ನೇ ಉಳಿಸಿಕೊಂಡೆವು.

ಬಿಚ್ಚುವಾಗ ಒಂದು ಎಚ್ಚರ. ಟಿ480ಕ್ಕೆ ಹಿಂದೊಂದು, ಒಳಗೊಂದು ಎರಡು ಬ್ಯಾಟರಿ ಇರುತ್ತವೆ. ಹಿಂದಿನದನ್ನು ತೆಗೆದರೆ ಸಾಲದು. ಮೊದಲೇ, ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್ ಪುಟ ಬಯೋಸ್‌ಗೆ ಹೋಗಿ, ಪವರ್ ವಿಭಾಗದಲ್ಲಿ ಒಳಗಿನ ಬ್ಯಾಟರಿಯನ್ನು ಆಫ್ ಮಾಡಿ. ಹೊಸ ರ‍್ಯಾಮ್ ಹಾಕಿದ ಮೇಲೆ ಮೊದಲ ಸಲ ಪರದೆ ಸ್ವಲ್ಪ ಹೊತ್ತು ಕಪ್ಪಾಗೇ ಇರಬಹುದು. ಕಾಯಿರಿ, ತಕ್ಷಣ ಪವರ್ ಬಟನ್ ಒತ್ತಬೇಡಿ.

ಎಸ್‌ಪಿ ರೋಡಿನಿಂದ ತಂದ 8 ಜಿಬಿ ಈಗ ತಂಗಿಯ ಗೆಳತಿಯ ಲ್ಯಾಪ್‌ಟಾಪಿನಲ್ಲಿದೆ. ಅದೂ ಡಿಡಿಆರ್4, ಒಂದು ಸ್ಲಾಟ್ ಖಾಲಿ ಇತ್ತು. ಅವಳ ಯಂತ್ರದಲ್ಲೂ ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿಯೇ ಕೊಟ್ಟೆ.